ಮುಖಗವಸಿನ ಹಿಂದಿನ ಮುಖ

(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಹಾಡು, ನೃತ್ಯ, ನಾಟಕಗಳ ಈ ಸಂಭ್ರಮದ ನಡುವೆ ಆರೋಗ್ಯದ ವಿಷಯಕ್ಕೂ ಸ್ವಲ್ಪ ಹೊತ್ತು ಮೀಸಲಿಟ್ಟಿರುವ ಸಮಿತಿಗೆ ನಾವು ಕೃತಜ್ಞರು. ನಾವೆಂದರೆ ಇಲ್ಲಿನ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ, ನಿಮ್ಮ ನಡುವೆಯೇ ಕುಳಿತಿರುವ ಕೆಲವರು: ದಾದಿಯರು, ವೈದ್ಯರು, ಪ್ರಯೋಗಾಲಯದವರು. ಮೈಕಿನ ಮುಂದೆ ನಿಂತಿರುವವರು ಒಬ್ಬರಾದರೂ ಮಾತು ಎಲ್ಲರದ್ದು. ಹಿಂದಿನ ಕೋಣೆಯಿಂದ ಬಿಸಿಬೇಳೆಬಾತಿನ ಪರಿಮಳ ಬರುತ್ತಿರುವುದು ನಮಗೂ ಗೊತ್ತಾಗುತ್ತಿದೆ. ಆದ್ದರಿಂದ ಹೆಚ್ಚು ಬೆಳೆಸುವುದಿಲ್ಲ.

ನಾವು ಆರಿಸಿಕೊಂಡ ವಿಷಯ ಮುಖಗವಸು. ದಿನವಿಡೀ ಅದನ್ನು ಧರಿಸಿ ದುಡಿಯುವವರ ಆರೋಗ್ಯದ ಮೇಲೆ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು. "ಮುಗಿದುಹೋದ ಕಥೆಯನ್ನು ಮತ್ತೆ ಏಕೆ ತೆಗೆಯುತ್ತೀರಿ?" ಎಂದು ಕೆಲವರಿಗೆ ಅನಿಸಬಹುದು. ಈ ಊರಿನಲ್ಲಿ 2020ರ ಏಪ್ರಿಲ್ 14ರಂದು ಹೊಸ್ತಿಲು ದಾಟಿದರೆ ಮುಖ ಮುಚ್ಚಲೇಬೇಕೆಂಬ ಕಟ್ಟಳೆ ಬಂತು. ಅದು ಹಂತಹಂತವಾಗಿ ಸಡಿಲವಾಗಿ, 2023ರ ಫೆಬ್ರವರಿ 13ರಿಂದ ಬಸ್ಸು, ಎಂ.ಆರ್.ಟಿ. ರೈಲುಗಳಲ್ಲೂ ಕಡ್ಡಾಯವಲ್ಲ ಎಂದಾಯಿತು. ನಾವೆಲ್ಲ ಒಬ್ಬರ ಮುಖವನ್ನೊಬ್ಬರು ಹೊಸದಾಗಿ ನೋಡಿ ನಕ್ಕೆವು. ಆದರೆ ಕ್ಷಯ, ದಡಾರ, ಸೀತಾಳೆ ಸಿಡುಬು ಇರುವ ರೋಗಿಯ ಕೋಣೆಗೆ ಹೋಗುವವರಿಗೆ, ಶಸ್ತ್ರಚಿಕಿತ್ಸೆಯ ಮೇಜಿನ ಪಕ್ಕದಲ್ಲಿ ಗಂಟೆಗಟ್ಟಲೆ ನಿಲ್ಲುವವರಿಗೆ ಮುಖಗವಸು ಕೋವಿಡ್ ಬರುವ ಮೊದಲೂ ಇತ್ತು, ಮುಂದೆಯೂ ಇರುತ್ತದೆ. ನಿಮಗೆ ಮುಗಿದ ಕಥೆ, ನಮಗೆ ದಿನದ ಕೆಲಸ.

ಈ ವಿಷಯದಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. "ಮಾಸ್ಕ್ ಹಾಕಿಕೊಂಡರೆ ಬಿಟ್ಟ ಉಸಿರನ್ನೇ ಎಳೆದುಕೊಂಡು ರಕ್ತ ಕೆಡುತ್ತದೆ, ಅದೊಂದು ವಿಷ" ಎಂಬುದು ಒಂದು. "ಮುಖಕ್ಕೊಂದು ಬಟ್ಟೆ ಕಟ್ಟಿಕೊಂಡರೆ ಏನು ಮಹಾ ಕಷ್ಟ!" ಎಂಬುದು ಇನ್ನೊಂದು. ಎರಡೂ ಸರಿಯಲ್ಲ ಎಂದು ತಮ್ಮ ಮುಂದೆ ಇಡುವುದೇ ಇಂದಿನ ನಮ್ಮ ಉದ್ದೇಶ.

ಮೊದಲಿಗೆ ಸ್ವಲ್ಪ ಇತಿಹಾಸ. ರೋಗಿಯ ಉಸಿರಿನಿಂದ ವೈದ್ಯ, ದಾದಿಯರನ್ನು ಕಾಪಾಡಬೇಕೆಂದು ಮುಖಗವಸನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದವರು ನಮ್ಮ ನೆರೆಯವರೇ. ಡಾಕ್ಟರ್ ವೂ ಲಿಯನ್-ಟೆ ಹುಟ್ಟಿದ್ದು 1879ರಲ್ಲಿ, ಪೆನಾಂಗಿನಲ್ಲಿ. ಆಗ ಪೆನಾಂಗ್, ಮಲಕ್ಕಾ, ಸಿಂಗಪುರ ಒಂದೇ ಆಡಳಿತದಲ್ಲಿದ್ದವು. ರಾಣಿಯ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನಲ್ಲಿ ವೈದ್ಯವಿದ್ಯೆ ಕಲಿತ ಅವರನ್ನು 1910ರ ಚಳಿಗಾಲದಲ್ಲಿ ಚೀನಾ ಸರ್ಕಾರ ಪ್ಲೇಗ್ ಹರಡಿದ್ದ ಹಾರ್ಬಿನ್ ನಗರಕ್ಕೆ ಕಳುಹಿಸಿತು.

ಪ್ಲೇಗ್ ಎಂದರೆ ನಮ್ಮ ಹಿರಿಯರಿಗೆ 1898ರ ಬೆಂಗಳೂರು ನೆನಪಿಗೆ ಬರುತ್ತದೆ. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಹುಟ್ಟಿದ್ದು, ಪ್ಲೇಗಮ್ಮನ ಗುಡಿಗಳು ಎದ್ದದ್ದು ಆ ಕಾಲದಲ್ಲೇ. ಅದು ಮುಖ್ಯವಾಗಿ ಇಲಿಯ ಮೈಮೇಲಿನ ಚಿಗಟದಿಂದ ಬರುವ ಗೆಡ್ಡೆಯ ಪ್ಲೇಗು. ಹಾರ್ಬಿನ್‌ನದು ಹಾಗಲ್ಲ, ಉಸಿರಿನಿಂದಲೇ ಒಬ್ಬರಿಂದೊಬ್ಬರಿಗೆ ಹರಡುವ ಪುಪ್ಪುಸದ ಪ್ಲೇಗು ಎಂದು ಡಾಕ್ಟರ್ ವೂ ಕಂಡುಕೊಂಡರು. ಹತ್ತಿ ಮತ್ತು ತೆಳು ಬಟ್ಟೆಯ ಪದರಗಳಿಂದ ಮುಖಗವಸು ಮಾಡಿಸಿ ಎಲ್ಲರೂ ಧರಿಸಬೇಕೆಂದರು. ಮೆನಿ ಎಂಬ ಅನುಭವಸ್ಥ ಫ್ರೆಂಚ್ ವೈದ್ಯರು ಆ ಮಾತನ್ನು ಒಪ್ಪದೆ, ಮುಖ ಮುಚ್ಚಿಕೊಳ್ಳದೆ ರೋಗಿಗಳನ್ನು ನೋಡಲು ಹೋದರು. ಕೆಲವೇ ದಿನಗಳಲ್ಲಿ ಅದೇ ರೋಗಕ್ಕೆ ಬಲಿಯಾದರು.

ಈ ಊರು ಆ ಪಾಠವನ್ನು ಮತ್ತೊಮ್ಮೆ ಕಲಿತದ್ದು 2003ರಲ್ಲಿ, ಸಾರ್ಸ್ ಬಂದಾಗ. ಸಿಂಗಪುರದಲ್ಲಿ ಸಾರ್ಸ್ ತಗುಲಿದವರು 238 ಜನ, ತೀರಿಕೊಂಡವರು 33 ಜನ. ರೋಗ ತಗುಲಿದವರಲ್ಲಿ ಶೇಕಡ 41ರಷ್ಟು ಮಂದಿ ಆಸ್ಪತ್ರೆಗಳಲ್ಲಿ ದುಡಿಯುವವರೇ. ಸತ್ತವರಲ್ಲಿ ಐವರು ಅವರೇ. ಮುಖಗವಸಿನ ತೊಂದರೆಗಳ ಬಗ್ಗೆ ಏನೇ ಹೇಳಿದರೂ ಈ ಲೆಕ್ಕವನ್ನು ಪಕ್ಕದಲ್ಲಿ ಇಟ್ಟುಕೊಂಡೇ ಹೇಳಬೇಕು. ಮುಖಗವಸು ಬೇಕೋ ಬೇಡವೋ ಎಂಬುದು ನಮ್ಮ ಪ್ರಶ್ನೆಯಲ್ಲ. ಬೇಕೇ ಬೇಕು.

ಈಗ ಉಸಿರಿನ ವಿಷಯಕ್ಕೆ ಬರೋಣ. ಆಸ್ಪತ್ರೆಯಲ್ಲಿ ಎರಡು ಬಗೆಯ ಮುಖಗವಸು ಉಂಟು. ಒಂದು ಎಲ್ಲರೂ ನೋಡಿರುವ, ಸಡಿಲವಾಗಿ ಕೂರುವ ಸರ್ಜಿಕಲ್ ಮಾಸ್ಕ್. ಇನ್ನೊಂದು ಮುಖಕ್ಕೆ ಬಿಗಿಯಾಗಿ ಅಂಟಿಕೊಳ್ಳುವ ಎನ್-95. ಒಂದು ಮೈಕ್ರಾನಿನ ಮೂರನೇ ಒಂದು ಭಾಗಕ್ಕೂ ಚಿಕ್ಕದಾದ, ಅಂದರೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡ 95ಕ್ಕೆ ಕಡಿಮೆಯಿಲ್ಲದಷ್ಟನ್ನು ತಡೆಯುವುದರಿಂದ ಅದಕ್ಕೆ ಆ ಹೆಸರು. ಅದು ಹಿಟ್ಟು ಜರಡಿ ಹಿಡಿದಂತೆ ಕೆಲಸ ಮಾಡುವುದಿಲ್ಲ. ಒಳಗಿನ ನೂಲಿನ ಎಳೆಗಳಲ್ಲಿ ವಿದ್ಯುದಂಶ ತುಂಬಿರುತ್ತಾರೆ. ಕೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುವಂತೆ ಆ ಎಳೆಗಳು ಕಣಗಳನ್ನು ಸೆಳೆದು ಹಿಡಿಯುತ್ತವೆ. ಆಮ್ಲಜನಕ, ಇಂಗಾಲದ ಡೈ ಆಕ್ಸೈಡ್ ಅನಿಲಗಳ ಅಣುಗಳಾದರೋ ಎಳೆಗಳ ನಡುವೆ ಆರಾಮವಾಗಿ ಹೋಗಿ ಬರುತ್ತವೆ.

ಹಾಗಾದರೆ ಉಸಿರು ಕಟ್ಟಿದಂತೆ ಅನಿಸುವುದು ಸುಳ್ಳೇ? ಸುಳ್ಳಲ್ಲ. ಬಿಟ್ಟ ಉಸಿರಿನ ಸ್ವಲ್ಪ ಭಾಗ ಒಳಗೆ ಉಳಿದು ಮತ್ತೆ ಒಳಸೇರುತ್ತದೆ. ಗಾಳಿ ಎಳೆದುಕೊಳ್ಳಲು ಎದೆ ಸ್ವಲ್ಪ ಹೆಚ್ಚು ದುಡಿಯಬೇಕು. ಒಳಗೆ ಸೆಕೆ, ತೇವ. ಆದರೆ ಅನಿಸಿಕೆ ಬೇರೆ, ಅಳತೆ ಬೇರೆ. ಅಮೆರಿಕದಲ್ಲಿ ತೀವ್ರ ನಿಗಾ ಘಟಕದ 10 ಮಂದಿ ದಾದಿಯರನ್ನು ಹನ್ನೆರಡು ಗಂಟೆಯ ಪಾಳಿಗಳಲ್ಲಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಇಂಗಾಲದ ಡೈ ಆಕ್ಸೈಡ್ ಮಟ್ಟ ಏರಿದ್ದು ಕಂಡಿತು, ತಲೆನೋವು, ತಲೆ ಹಗುರವಾದ ಅನುಭವ, ಮಾತು ಕೇಳಿಸುವ ತೊಂದರೆಗಳ ದೂರು ಬಂತು. ಆದರೆ ಆರೋಗ್ಯಕ್ಕೆ ಅಪಾಯವೆನ್ನುವ ಮಟ್ಟಕ್ಕೆ ಅಳತೆಗಳು ಹೋಗಲಿಲ್ಲ. ನಮ್ಮ ಸಿಂಗಪುರದಲ್ಲೇ 20 ಮಂದಿ ಗರ್ಭಿಣಿಯರ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎನ್-95 ಬಟ್ಟೆಯ ಮೂಲಕ ಉಸಿರಾಡುವುದು ಶ್ರಮದ ಕೆಲಸ ಎಂಬುದು ಸ್ಪಷ್ಟವಾಯಿತು. ಆದರೆ ತಾಯಿಯ ಎದೆಬಡಿತದಲ್ಲಾಗಲಿ, ಹೊಟ್ಟೆಯಲ್ಲಿದ್ದ ಕೂಸಿನ ಎದೆಬಡಿತದಲ್ಲಾಗಲಿ ಬದಲಾವಣೆ ಕಾಣಲಿಲ್ಲ. ಆದ್ದರಿಂದ ಆರೋಗ್ಯವಂತರಿಗೆ ಅದು ವಿಷವಲ್ಲ, ಶ್ರಮ. ಆಸ್ತಮಾ, ಶ್ವಾಸಕೋಶದ ಇತರ ಕಾಯಿಲೆ ಉಳ್ಳವರು, ಗರ್ಭಿಣಿಯರು ತಮ್ಮ ವೈದ್ಯರ ಸಲಹೆ ಪಡೆದು ಕೆಲಸದ ಹೊತ್ತನ್ನು ಗೊತ್ತುಮಾಡಿಸಿಕೊಳ್ಳಬೇಕು.

ರಕ್ತ ಕೆಡುವುದಿಲ್ಲ, ಸರಿ. ಹಾಗಾದರೆ ತೊಂದರೆಯೆಲ್ಲ ಎಲ್ಲಿದೆ? ತಲೆಯಿಂದಲೇ ಆರಂಭಿಸೋಣ.

ಸಾರ್ಸ್ ಕಾಲದ ಎನ್-95 ಬಳಕೆಯ ಬಗ್ಗೆ ಸಿಂಗಪುರದ ವೈದ್ಯರು 2006ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ಉತ್ತರ ಕೊಟ್ಟ 212 ಮಂದಿ ಆಸ್ಪತ್ರೆ ನೌಕರರಲ್ಲಿ 79 ಮಂದಿಗೆ ಮುಖಗವಸಿನಿಂದ ತಲೆನೋವು. ಒಂದೇ ಸಮನೆ ನಾಲ್ಕು ಗಂಟೆಗಿಂತ ಹೆಚ್ಚು ಧರಿಸಿದವರಲ್ಲಿ ಅದು ಹೆಚ್ಚು. 2020ರಲ್ಲಿ ಕೋವಿಡ್ ಬಂದಾಗ ಇಲ್ಲೇ ಮತ್ತೆ 158 ಮಂದಿಯನ್ನು ವಿಚಾರಿಸಿದರು. ಈ ಸಲ ಮುಖಗವಸಿನ ಜೊತೆಗೆ ಕಣ್ಣಿಗೆ ಬಿಗಿಯಾದ ಕನ್ನಡಕವೂ ಇತ್ತು. 128 ಮಂದಿಗೆ, ಅಂದರೆ ಶೇಕಡ 81 ಮಂದಿಗೆ, ಹೊಸದಾಗಿ ತಲೆನೋವು ಶುರುವಾಗಿತ್ತು. ಮುಖ್ಯ ಕಾರಣ ಪಟ್ಟಿಗಳ ಬಿಗಿತ. ಹಣೆ, ಕೆನ್ನೆ, ತಲೆಯ ಹಿಂಭಾಗದ ಚರ್ಮದ ಕೆಳಗಿನ ನರಗಳು ಗಂಟೆಗಟ್ಟಲೆ ಒತ್ತಿಸಿಕೊಳ್ಳುತ್ತವೆ. ಮದುವೆಯ ದಿನ ಬಿಗಿಯಾದ ಮೈಸೂರು ಪೇಟ ತೊಟ್ಟು ಸಂಜೆಯವರೆಗೂ ಕುಳಿತ ಮದುಮಗನನ್ನು ಕೇಳಿದರೆ ಈ ನೋವಿನ ಸ್ವರೂಪ ತಿಳಿದೀತು. ಅದರ ಜೊತೆಗೆ ಹೊತ್ತಿಗೆ ಸರಿಯಾಗಿ ಊಟವಿಲ್ಲ, ನೀರಿಲ್ಲ, ನಿದ್ರೆಯಿಲ್ಲ. ನಮ್ಮ ಕಡೆಯವರಿಗಂತೂ ಹತ್ತು ಗಂಟೆಯ ಕಾಫಿ ತಪ್ಪಿದರೆ ಅದೊಂದೇ ಸಾಕು!

2006ರ ಆ ಸಮೀಕ್ಷೆಯಲ್ಲಿ ನಮ್ಮ ಮನಸ್ಸನ್ನು ತಟ್ಟಿದ ಇನ್ನೊಂದು ಲೆಕ್ಕವಿದೆ. ತಲೆನೋವು ಬಂದ 79 ಮಂದಿಯಲ್ಲಿ 47 ಮಂದಿ ನೋವಿನ ಮಾತ್ರೆ ನುಂಗಿದರು. ರಜೆ ಹಾಕಿದವರು 6 ಮಂದಿ ಮಾತ್ರ. ಉಳಿದವರು ಏನು ಮಾಡಿದರೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಮಾಡಿದರು.

ಎರಡನೆಯದು ಚರ್ಮ. ಸಾರ್ಸ್ ಕಾಲದ ಮತ್ತೊಂದು ಸಿಂಗಪುರ ಸಮೀಕ್ಷೆಯಲ್ಲಿ ಎನ್-95 ನಿತ್ಯ ಧರಿಸುತ್ತಿದ್ದವರಲ್ಲಿ ಶೇಕಡ 35ಕ್ಕೂ ಹೆಚ್ಚು ಮಂದಿಗೆ ಮೊಡವೆ, ತುರಿಕೆ, ದದ್ದು ಕಾಣಿಸಿಕೊಂಡಿತ್ತು. 2020ರಲ್ಲಿ ಚೀನಾದ ಹುಬೆ ಪ್ರಾಂತದಲ್ಲಿ 542 ಮಂದಿಯನ್ನು ಕೇಳಿದಾಗ ಶೇಕಡ 97 ಮಂದಿಗೆ ರಕ್ಷಣಾ ಉಡುಪುಗಳಿಂದ ಚರ್ಮದ ತೊಂದರೆ ಆಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಪೆಟ್ಟು ತಿಂದ ಜಾಗ ಮೂಗಿನ ಮೇಲ್ಭಾಗ. ಅಲ್ಲಿ ಚರ್ಮದ ಕೆಳಗೆ ಮಾಂಸವಿಲ್ಲ, ನೇರ ಮೂಳೆ. ಮೇಲಿಂದ ಲೋಹದ ಪಟ್ಟಿ ಒತ್ತುತ್ತದೆ, ಒಳಗಿನ ತೇವ ಚರ್ಮವನ್ನು ಮೆದು ಮಾಡುತ್ತದೆ, ಮಾತನಾಡಿದಾಗಲೆಲ್ಲ ಉಜ್ಜುತ್ತದೆ. ಹೊಸ ಚಪ್ಪಲಿ ಕಚ್ಚಿದ ಹಾಗೆ. ಚಪ್ಪಲಿಯನ್ನಾದರೆ ಮರುದಿನ ಬಿಟ್ಟು ನಡೆಯಬಹುದು. ಇದನ್ನು ಮರುದಿನವೂ ಅದೇ ಗಾಯದ ಮೇಲೆಯೇ ಕಟ್ಟಿಕೊಳ್ಳಬೇಕು.

ಮೂರನೆಯದು ಮಾತು. ಮುಖಗವಸು ದನಿಯ ಎತ್ತರದ ಸ್ವರಗಳನ್ನು ನುಂಗುತ್ತದೆ. ಸರ್ಜಿಕಲ್ ಮಾಸ್ಕ್ ಅವನ್ನು 3ರಿಂದ 4 ಡೆಸಿಬಲ್ ತಗ್ಗಿಸಿದರೆ ಎನ್-95 ಸುಮಾರು 12 ಡೆಸಿಬಲ್ ತಗ್ಗಿಸುತ್ತದೆ. ಸ, ಶ, ಚ ಮುಂತಾದ ಅಕ್ಷರಗಳ ಸೊಲ್ಲು ಮಸುಕಾಗುತ್ತದೆ. ಧರಿಸಿದವರು ಕೂಗಿ ಮಾತನಾಡಿ ಮಾತನಾಡಿ ಪಾಳಿ ಮುಗಿಯುವ ಹೊತ್ತಿಗೆ ಗಂಟಲು ಕಟ್ಟುತ್ತದೆ. ಕೇಳುವವರ ಪಾಡು ಇನ್ನೂ ಕಷ್ಟ. ವಯಸ್ಸಾದವರ ಕಿವಿಗೆ ಮೊದಲೇ ಎತ್ತರದ ಸ್ವರಗಳು ಮಂದ. ಇಷ್ಟು ದಿನ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಿದ್ದರು, ಈಗ ತುಟಿಯೂ ಕಾಣದು. ಇದು ನಮ್ಮವರಿಗೆ ನೇರವಾಗಿ ಸಂಬಂಧಿಸಿದ್ದು. ಊರಿನಿಂದ ಬಂದು ಇಲ್ಲಿ ಕಾಯಿಲೆ ಬಿದ್ದ ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ನಮ್ಮವರೊಬ್ಬರು ಮುಖಗವಸಿನೊಳಗಿಂದಲೇ "ಅಜ್ಜಿ, ಊಟ ಆಯ್ತಾ?" ಎಂದಾಗ ಮುಖ ಕಾಣದಿದ್ದರೂ ಆ ಅಜ್ಜಿಯ ಕಣ್ಣು ಅರಳುತ್ತದೆ. ಆದರೆ ಮಾತ್ರೆ ದಿನಕ್ಕೆ ಎಷ್ಟು, ಊಟಕ್ಕೆ ಮೊದಲೋ ಆಮೇಲೋ ಎಂಬುದನ್ನು ಮಾತ್ರ ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದೇ ಕೊಡಬೇಕು. ಮೇಲ್ಭಾಗದಿಂದ ಸೋರುವ ಬಿಸಿಯುಸಿರು ಕನ್ನಡಕವನ್ನು ಮಬ್ಬಾಗಿಸುವುದೂ ಕಣ್ಣನ್ನು ಒಣಗಿಸುವುದೂ ಇದರ ಜೊತೆಗೆ ಸೇರುವ ಸಣ್ಣ ಕಾಟಗಳು.

ನಾಲ್ಕನೆಯದು ಸಭೆಯಲ್ಲಿ ಹೇಳಲು ಸಂಕೋಚದ ವಿಷಯ. ಆದರೂ ಹೇಳುತ್ತೇವೆ. ಮುಖಗವಸು, ಮೇಲುಡುಪು, ಕೈಗವಸು ಎಲ್ಲ ಧರಿಸಿದ ಮೇಲೆ ಶೌಚಾಲಯಕ್ಕೆ ಹೋಗಬೇಕೆಂದರೆ ಎಲ್ಲವನ್ನೂ ಕ್ರಮವಾಗಿ ಬಿಚ್ಚಿ, ಕೈ ತೊಳೆದು, ಮತ್ತೆ ಹೊಸದನ್ನು ಧರಿಸಬೇಕು. ಅಷ್ಟು ಹೊತ್ತು ರೋಗಿಯನ್ನು ಯಾರು ನೋಡಬೇಕು? ಆದ್ದರಿಂದ ಪಾಳಿಗೆ ಹೋಗುವ ಮೊದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಮೂತ್ರ ತಡೆಯುತ್ತಾರೆ. ಅದರಿಂದ ಉರಿಮೂತ್ರ, ಮೂತ್ರಕೋಶದ ಸೋಂಕು, ತಲೆಸುತ್ತು, ಮತ್ತೆ ಅದೇ ತಲೆನೋವು. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳ ಕಷ್ಟ ಹೇಳತೀರದು. ಇದು ಮುಖಗವಸಿನ ದೋಷವಲ್ಲ. ಒಬ್ಬರು ಹೊರಗೆ ಬಂದಾಗ ಅವರ ಜಾಗದಲ್ಲಿ ನಿಲ್ಲಲು ಇನ್ನೊಬ್ಬರಿಲ್ಲದಿರುವುದರ ದೋಷ.

ಬಂಧುಗಳೇ, ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ತಾಳಿದವನು ಬಾಳಿಯಾನು ಎಂದು ನಮ್ಮ ಗಾದೆ. ಅದನ್ನು ಕೇಳಿಯೇ ನಾವು ಬೆಳೆದವರು. ಅದರಲ್ಲೂ ದಾದಿಯ ಕೆಲಸವೆಂದರೆ ತಾಳ್ಮೆಯ ಇನ್ನೊಂದು ಹೆಸರೆಂದು ಎಲ್ಲರೂ ಹೊಗಳುತ್ತಾರೆ. ಆದರೆ ಮುಖಗವಸಿನ ವಿಷಯದಲ್ಲಿ ಬರೀ ತಾಳ್ಮೆ ಅಪಾಯಕ್ಕೆ ದಾರಿ. ಮೂಗಿನ ಮೇಲೆ ಗಾಯವಾದವರ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಪಟ್ಟಿ ಸಡಿಲಿಸುತ್ತಾರೆ, ಒಂದು ಕ್ಷಣ ಕೆಳಗೆ ಸರಿಸುತ್ತಾರೆ, ತುರಿಸಿಕೊಳ್ಳುತ್ತಾರೆ. ರೋಗಾಣು ಕಾಯುತ್ತಿರುವುದು ಆ ಕ್ಷಣಕ್ಕೇ. ಮಾತು ಕೇಳಿಸದಿದ್ದರೆ ಔಷಧಿಯ ಅಳತೆ ತಪ್ಪಬಹುದು. ತಲೆನೋವಿದ್ದರೆ ಗಮನ ತಪ್ಪಬಹುದು. ಆದ್ದರಿಂದ ಧರಿಸಿದವರ ನೆಮ್ಮದಿ ಸುಖದ ಮಾತಲ್ಲ, ರೋಗಿಯ ರಕ್ಷಣೆಯ ಮಾತು. ನೋವನ್ನು ಬಾಯಿಬಿಟ್ಟು ಹೇಳುವುದು ದೌರ್ಬಲ್ಯವಲ್ಲ, ಕೆಲಸದ ಒಂದು ಭಾಗ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು ಮುಖಕ್ಕೆ ತಕ್ಕ ಅಳತೆ. ಎನ್-95 ಎಲ್ಲರಿಗೂ ಒಂದೇ ಆಗದು. ಕೆನ್ನೆಯ ಅಗಲ, ಮೂಗಿನ ಎತ್ತರ, ಗಲ್ಲದ ಉದ್ದ ಒಬ್ಬೊಬ್ಬರಿಗೂ ಬೇರೆ. ಧರಿಸಿದವರ ತಲೆಯ ಮೇಲೆ ಒಂದು ಮುಸುಕು ಹಾಕಿ ಒಳಗೆ ಕಹಿ ಅಥವಾ ಸಿಹಿ ರುಚಿಯ ದ್ರವವನ್ನು ಸಿಂಪಡಿಸುತ್ತಾರೆ. ನಾಲಿಗೆಗೆ ರುಚಿ ಹತ್ತಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಆಗ ಬೇರೆ ಮಾದರಿಯನ್ನು ಕೇಳಿ ಪಡೆಯಬೇಕು. ಹೊಂದದಿದ್ದನ್ನು ಬಿಗಿದು ಹೊಂದಿಸಲು ಹೋಗಬಾರದು. ಹೆಚ್ಚಿನ ಗಾಯಗಳು ಶುರುವಾಗುವುದು ಅಲ್ಲೇ. ಗಡ್ಡ ಬಿಟ್ಟವರಿಗೆ ಸೋರುವಿಕೆ ತಪ್ಪದು ಎಂಬುದನ್ನೂ ಇಲ್ಲಿ ನೆನಪಿಸುತ್ತೇವೆ.

ಎರಡನೆಯದು ಬಿಡುವು. ಎರಡು ಮೂರು ಗಂಟೆಗೊಮ್ಮೆ ಸುರಕ್ಷಿತ ಜಾಗಕ್ಕೆ ಬಂದು, ಕೈ ತೊಳೆದು, ಮುಖಗವಸು ತೆಗೆದು, ಹತ್ತು ಹದಿನೈದು ನಿಮಿಷ ಮುಖಕ್ಕೆ ಗಾಳಿ ತಾಗಿಸಿಕೊಂಡು, ನೀರು ಕುಡಿದು, ಶೌಚಕ್ಕೆ ಹೋಗಿ ಬರುವಂತಿರಬೇಕು. ಅದನ್ನು ಪಾಳಿಯ ಪಟ್ಟಿಯಲ್ಲೇ ಬರೆದಿಡಬೇಕು, ಬದಲಿಗೆ ನಿಲ್ಲುವವರ ಹೆಸರನ್ನೂ ಬರೆದಿಡಬೇಕು. "ಬಿಡುವಾದಾಗ ಹೋಗಿ ಬಾರಮ್ಮ" ಎಂದರೆ ಬಿಡುವು ಆಗುವುದೇ ಇಲ್ಲ.

ಮೂರನೆಯದು ಧರಿಸುವವರ ಕೈಲಿರುವುದು. ಸೌಮ್ಯವಾದ ಸೋಪಿನಿಂದ ಮುಖ ತೊಳೆದು, ಧರಿಸುವ ಅರ್ಧ ಗಂಟೆ ಮೊದಲೇ ತೆಳುವಾಗಿ ಕ್ರೀಮು ಹಚ್ಚಿ ಹೀರಲು ಬಿಡಬೇಕು. ಮುಖಗವಸಿನ ಕೆಳಗೆ ದಪ್ಪ ಮೇಕಪ್ಪು ಬೇಡ. ಮೂಗಿನ ಮೇಲೆ ತೆಳುವಾದ ರಕ್ಷಣಾ ಪಟ್ಟಿ ಅಂಟಿಸಿದರೆ ಮತ್ತೊಮ್ಮೆ ಸೋರಿಕೆ ನೋಡಿಕೊಳ್ಳಬೇಕು. ಒದ್ದೆಯಾದ, ಮಾಸಿದ ಮುಖಗವಸನ್ನು ಬದಲಿಸಬೇಕು. ದದ್ದು ಮಾಯದೆ ಉಳಿದರೆ, ಉಸಿರಿಗೆ ನಿಜವಾಗಿಯೂ ಕಷ್ಟವಾದರೆ ವೈದ್ಯರಿಗೆ ತೋರಿಸಬೇಕು, ಮೇಲಿನವರಿಗೆ ಬರೆದು ತಿಳಿಸಬೇಕು. ಬರೆಯದ ನೋವು ಲೆಕ್ಕಕ್ಕೆ ಬರುವುದಿಲ್ಲ.

ಕೊನೆಯದು ಮನೆಯವರಿಗೆ, ಅಂದರೆ ತಮ್ಮೆಲ್ಲರಿಗೆ. ಪಾಳಿ ಮುಗಿಸಿ ಬಂದ ಮಗಳು, ಸೊಸೆ, ಅಳಿಯ ಮಾತನಾಡದೆ ಕುಳಿತರೆ ಮುನಿಸೆಂದು ತಿಳಿಯಬೇಡಿ. ಹನ್ನೆರಡು ಗಂಟೆ ಬಟ್ಟೆಯೊಳಗಿಂದ ಕೂಗಿ ಬಂದ ಗಂಟಲು ಅದು. ಮೊದಲು ಒಂದು ದೊಡ್ಡ ಲೋಟ ನೀರೋ ಮಜ್ಜಿಗೆಯೋ ಕೊಡಿ. ಕತ್ತಲಾದ ಮೇಲೆ ಹೊರಟು ಬೆಳಗಾದ ಮೇಲೆ ಬಂದವರನ್ನು ಹಗಲು ಮಲಗಲು ಬಿಡಿ. ಊರಿಗೆ ಫೋನು ಮಾಡಿದಾಗ ಅಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ಅಕ್ಕ ತಂಗಿಯರಿಗೂ ಈ ಮಾತುಗಳನ್ನು ತಿಳಿಸಿ. ಅಲ್ಲಿ ರೋಗಿಗಳು ಹೆಚ್ಚು, ಸೆಕೆಯೂ ಹೆಚ್ಚು, ಕೈಗಳು ಕಡಿಮೆ.

ಕೋವಿಡ್ ದಿನಗಳಲ್ಲಿ ತಾವು ಕಿಟಕಿಯ ಬಳಿ ನಿಂತು ಚಪ್ಪಾಳೆ ತಟ್ಟಿದಿರಿ, ಊಟ ಮಾಡಿ ಕಳುಹಿಸಿದಿರಿ. ಅದನ್ನು ನಾವು ಮರೆತಿಲ್ಲ. ಇಂದು ಚಪ್ಪಾಳೆಯ ಬದಲು ಒಂದೇ ಕೋರಿಕೆ: ಮುಂದಿನ ಸಲ ಆಸ್ಪತ್ರೆಯಲ್ಲಿ ದಾದಿಯೊಬ್ಬರು "ಹದಿನೈದು ನಿಮಿಷ ತಾಳಿ, ಬೇರೆಯವರು ನೋಡಿಕೊಳ್ಳುತ್ತಾರೆ" ಎಂದರೆ ಗಡಿಯಾರ ನೋಡಬೇಡಿ. "ಹೋಗಿ ಬನ್ನಿ ಸಿಸ್ಟರ್" ಎನ್ನಿ. ಆ ಹದಿನೈದು ನಿಮಿಷ ತಮ್ಮ ಮನೆಯ ರೋಗಿಯ ಹಿತಕ್ಕೂ ಸೇರಿದ್ದು.